ಕೂಗಲಾಗದ ಸೆಪ್ಟೆಂಬರ್ 5

ಆಪರೇಷನ್ ಆದಾಗಿನಿಂದ ಫೋನ್ ಮಾಡಿದವರಿಗೆ, ನಾನು ಎತ್ತದಿದ್ದಾಗ ಮನೆಗೇ ಬಂದು ಹೋದವರಿಗೆ, ಒಬ್ಬೊಬ್ಬರಿಗೂ ಉತ್ತರ ಹೇಳುವಷ್ಟು ಗಂಟಲು ಇನ್ನೂ ಬಂದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ: ಮೂವತ್ತು ವರ್ಷ ಮೈಕಿಲ್ಲದೆ ಗಣಿತ ಪಾಠ ಮಾಡಿದ್ದಕ್ಕೆ ಧ್ವನಿತಂತುವಿನ ಮೇಲೊಂದು ಗಂಟು ಬೆಳೆದಿತ್ತು. ಜುಲೈ ಕೊನೆಗೆ ತೆಗೆದರು. "ಕೂಗೋದು ಬೇಡ. ಪಿಸುಗುಟ್ಟೋದೂ ಬೇಡ, ಅದಕ್ಕೂ ಗಂಟಲು ತ್ರಾಸು ಪಡುತ್ತೆ" ಅಂದರು ಡಾಕ್ಟರಮ್ಮ. ಮನೆಯಲ್ಲಿ ಸ್ಟೀಲ್ ಲೋಟ ಬಡಿದು ಮಾತಾಡಿದೆ. ಒಂದು ಏಟಿಗೆ ಕಾಫಿ, ಎರಡಕ್ಕೆ ಫ್ಯಾನು. ಆ ಸದ್ದನ್ನು ಸಹಿಸಿಕೊಂಡ ನನ್ನವಳಿಗೆ, ಐದು ವಾರ ನನ್ನ ಪೀರಿಯಡ್‌ಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ ಋಣಿ.

ಸೆಪ್ಟೆಂಬರ್ 5 ಎಲ್ಲರಿಗೂ ಶಿಕ್ಷಕರ ದಿನಾಚರಣೆ. ನನಗೆ ಫ್ರೆಡ್ಡಿ ಮರ್ಕ್ಯುರಿ ಹುಟ್ಟಿದ ದಿನವೂ ಹೌದು. 1946ರಲ್ಲಿ ಜಂಜಿಬಾರಿನಲ್ಲಿ ಹುಟ್ಟಿ, ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ ಆಮೇಲೆ ಲಂಡನ್ನಿನಲ್ಲಿ ಕ್ವೀನ್ ಎಂಬ ರಾಕ್ ತಂಡದ ಗಾಯಕನಾದ. 1987ರಲ್ಲಿ ಮೈಸೂರಿನ ಹಾಸ್ಟೆಲ್ಲಿನಲ್ಲಿ ಸೀನಿಯರ್ ಒಬ್ಬರು ಅವನ ಹಾಡುಗಳ ಕ್ಯಾಸೆಟ್ ಕೊಟ್ಟಿದ್ದರು. ವಾಪಸ್ ಮಾಡಿಲ್ಲ. ಸರ್, ಇದನ್ನು ಓದುತ್ತಿದ್ದರೆ ಕ್ಷಮೆಯೂ ಇರಲಿ, ಧನ್ಯವಾದವೂ ಇರಲಿ. ಫ್ರೆಡ್ಡಿಯ ಗಂಟಲಲ್ಲೂ ಗಂಟುಗಳಾಗಿ 1975ರ ಅಮೆರಿಕ ಪ್ರವಾಸದ ಕೆಲವು ಶೋಗಳು ರದ್ದಾಗಿದ್ದವು. ಆಸ್ಪತ್ರೆಯ ಹಾಸಿಗೆಯಲ್ಲಿ ಅದನ್ನು ನೆನೆದು ಸ್ವಲ್ಪ ಜಂಬಪಟ್ಟೆ.

ಈ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಕ್ವೀನ್ ಹಾಡುಗಳನ್ನೇ ಹಾಡುವ ಟ್ರಿಬ್ಯೂಟ್ ಶೋ ಇತ್ತು, ಅದಕ್ಕೆ ಟಿಕೆಟ್ ಕಳಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿ ಪ್ರಿಪರೇಟರಿಯ ಗಣಿತದಲ್ಲಿ ಫೇಲಾದವನು, ಈಗ ಆ ತಂಡದ ಬೇಸ್ ಗಿಟಾರು. "ಸರ್, ಮಾತಾಡ್ಬೇಡಿ, ಸುಮ್ನೆ ಬನ್ನಿ" ಎಂದು ಮೆಸೇಜ್ ಮಾಡಿದ್ದ. ತುಮಕೂರಿನಿಂದ ಬಸ್ ಹಿಡಿದೆ.

ಫ್ರೆಡ್ಡಿ ತೀರಿಕೊಂಡ ಮೇಲೆ, 1992ರ ಏಪ್ರಿಲ್ 20ರಂದು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ 72,000 ಜನರೆದುರು ನಡೆದ ಶ್ರದ್ಧಾಂಜಲಿ ಕಾನ್ಸರ್ಟಿನ ವಿಡಿಯೋವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಹಾಡಿದವರಲ್ಲಿ ಜಾರ್ಜ್ ಮೈಕಲ್ ಒಬ್ಬನನ್ನು ಬಿಟ್ಟರೆ ಮಿಕ್ಕ ಯಾರಿಗೂ ಆ ಹಾಡುಗಳು ದಕ್ಕಲಿಲ್ಲ ಅನ್ನುವುದು ನನ್ನ ಹಟ. ಆದ್ದರಿಂದ ಈ ಹುಡುಗರ ಮೇಲೆ ಭಾರೀ ನಿರೀಕ್ಷೆಯೇನೂ ಇರಲಿಲ್ಲ. ಆದರೆ ಗಾಯಕ ಫ್ರೆಡ್ಡಿಯ ಹಾಗೆ ಮೀಸೆ ಅಂಟಿಸಿಕೊಂಡು ಬರಲಿಲ್ಲ, ಹಳದಿ ಜಾಕೆಟ್ಟೂ ಹಾಕಲಿಲ್ಲ. ಶ್ರುತಿ ಎರಡು ಮನೆ ಇಳಿಸಿಕೊಂಡು ತನ್ನ ಗಂಟಲಿಗೆ ಎಟುಕುವಷ್ಟನ್ನೇ ಹಾಡಿದ. ಅಷ್ಟಕ್ಕೇ ಅವನಿಗೆ ನನ್ನ ನಮಸ್ಕಾರ. ಡ್ರಮ್ಸ್ ಮಾತ್ರ ಕಿವಿ ಕೀಳುವಷ್ಟು ಜೋರು, ಮುಂದಿನ ಸಲ ನೋಡಿಕೊಳ್ಳಿ.

ಆಮೇಲೆ "ವಿ ವಿಲ್ ರಾಕ್ ಯು" ಬಂತು. ಎರಡು ಕಾಲುಬಡಿತ, ಒಂದು ಚಪ್ಪಾಳೆ. ಜನ ತಾವೇ ನುಡಿಸಲಿ ಎಂದು ಕ್ವೀನ್‌ನ ಗಿಟಾರ್ ವಾದಕ ಬ್ರಿಯಾನ್ ಮೇ 1977ರಲ್ಲಿ ಕಟ್ಟಿದ ಹಾಡು. ಸ್ಟುಡಿಯೋದಲ್ಲಿ ಇದ್ದವರು ಬೆರಳೆಣಿಕೆಯ ಜನ. ಹಲಗೆಯ ಮೇಲೆ ಕುಟ್ಟಿದ್ದನ್ನೇ ಮತ್ತೆ ಮತ್ತೆ ರೆಕಾರ್ಡ್ ಮಾಡಿ, ಒಂದೊಂದನ್ನೂ ಚೂರು ಚೂರು ತಡವಾಗಿ ಸೇರಿಸಿದರು. ಆ ಅಂತರಗಳನ್ನು ಅವಿಭಾಜ್ಯ ಸಂಖ್ಯೆಗಳ ಮೇಲೆ ಲೆಕ್ಕ ಹಾಕಿದ್ದರಿಂದ ಪ್ರತಿಧ್ವನಿಯ ಹಾಗೆ ಕೇಳದೆ ಸಾವಿರಾರು ಜನ ಕುಟ್ಟಿದ ಹಾಗೆ ಕೇಳುತ್ತದೆ. ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ಇದನ್ನು ಬೆಂಚು ಬಡಿದು ಹೇಳಿಕೊಡುತ್ತೇನೆ. ಈ ಸಲ ಆಗಿರಲಿಲ್ಲ. ಶೋನಲ್ಲಿ ಅಂಗೈ ಕೆಂಪಾಗುವವರೆಗೆ ಬಡಿದೆ. ಐದು ವಾರದಲ್ಲಿ ಮೊದಲ ಸಲ ನಾಲ್ಕು ಜನರ ನಡುವೆ ಮೂಗನಂತೆ ಅನ್ನಿಸಲಿಲ್ಲ.

ಕಷ್ಟಕ್ಕೆ ಬಂದದ್ದು "ಏ...ಓ". ಫ್ರೆಡ್ಡಿಯ ಹಾಗೆ ಗಾಯಕ ಕೂಗುವುದು, ಜನ ತಿರುಗಿ ಕೂಗುವುದು. ನಾನು ತುಟಿ ಬಿಗಿಹಿಡಿದು ನಿಂತೆ. ಪಕ್ಕದಲ್ಲಿ ನನ್ನ ಮಗಳ ವಯಸ್ಸಿನವಳೊಬ್ಬಳು, "ಅಂಕಲ್, ಯಾಕೆ ಸುಮ್ನೆ ನಿಂತಿದೀರಾ?" ಅಂದಳು. ಮೊಬೈಲಿನಲ್ಲಿ "ಗಂಟಲು ಆಪರೇಷನ್" ಎಂದು ಬರೆದು ತೋರಿಸಿದೆ. ಒಂದು ಕ್ಷಣ ನೋಡಿ, "ಹಾಗಾದ್ರೆ ನಿಮ್ದೂ ನಾನೇ ಕೂಗ್ತೀನಿ" ಅಂದಳು. ಅಲ್ಲಿಂದ ಕೊನೆಯವರೆಗೆ ಪ್ರತಿಯೊಂದನ್ನೂ ಎರಡು ಸಲ ಕೂಗಿದಳು. ಮೊದಲನೆಯದು ಅವಳ ದನಿಯಲ್ಲಿ, ಎರಡನೆಯದು ದಪ್ಪ ಗಂಡಸು ದನಿಯಲ್ಲಿ.

ನಿನ್ನ ಹೆಸರು ಕೇಳಲಿಲ್ಲ, ತುಂಬಾ ಥ್ಯಾಂಕ್ಸ್. ನನ್ನ ದನಿ ಅಷ್ಟೊಂದು ದಪ್ಪಗಿಲ್ಲ ಕಣಮ್ಮ.