ಕೋಲಾರದ ಆ ಡಯಟಿಷಿಯನ್ ಮೇಡಂಗೆ

ತೂಕ ಇಳಿಸುವ ಆಪರೇಷನ್ ಆದವರಿಗೆ ಮುದ್ದೆ ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಬಿಡಿಸಿ ಹೇಳಿದವರು ನೀವು, ಮೇಡಂ. ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲ, ನುಂಗುವುದು. ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆಯುವ ‘ಸ್ಲೀವ್’ ಆಪರೇಷನ್ ಆದಮೇಲೆ ಉಳಿಯುವ ಹೊಟ್ಟೆ ಬಾಳೆಹಣ್ಣಿನಂಥ ಸಣ್ಣ ಕೊಳವೆ. ಅಗಿಯದ ಅಂಟು ತುತ್ತು ಅಲ್ಲೇ ಸಿಕ್ಕಿಕೊಂಡರೆ ಎದೆ ಒತ್ತುತ್ತದೆ, ಬಾಯಲ್ಲಿ ನೊರೆ ಬಂದು ವಾಂತಿಯಾಗುತ್ತದೆ.

ಮೊದಲು ಖಾರವಿಲ್ಲದ ಬೇಳೆಕಟ್ಟಿನ ತಿಳಿ, ಆಮೇಲೆ ನುಣ್ಣಗೆ ಮಸೆದ ಬೇಳೆ, ಮೊಸರು, ಮೆತ್ತಗೆ ಬೇಯಿಸಿದ ಮೊಟ್ಟೆ: ಒಂದೊಂದು ಹಂತಕ್ಕೂ ನಮ್ಮ ಅಡುಗೆಮನೆಯಲ್ಲಿ ಇರುವುದನ್ನೇ ಹೇಳಿದಿರಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸೇರಬೇಕು. ಅದಕ್ಕೇ ತಟ್ಟೆಯಲ್ಲಿ ಮೊಟ್ಟೆ, ಬೇಳೆ ಮೊದಲು, ಅನ್ನ ಕೊನೆಗೆ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ.

ಊಟವಾಗಿ ಸ್ವಲ್ಪ ಹೊತ್ತಿಗೇ ಹಸಿವು ಅನಿಸಿದರೆ ಅದು ಬಾಯಾರಿಕೆಯೂ ಇರಬಹುದು, ಆ ಅರ್ಧ ಗಂಟೆ ಕಳೆದಮೇಲೆ ನೀರು ಗುಟುಕರಿಸಿ ಹದಿನೈದು ನಿಮಿಷ ನೋಡಿ ಅಂದಿರಲ್ಲ, ಎಷ್ಟೋ ಮನೆಯ ಸಂಕಟ ಅಲ್ಲಿಗೇ ಇಳಿಯಿತು.

ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಎರಡು ಗಂಟೆ ಅಂತರವಿರಲಿ ಅಂತ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಿದ್ದಕ್ಕೂ ಕೈ ಮುಗಿಯುತ್ತೇವೆ.