ಮಾಳಮಡ್ಡಿಯ ವೈನಿಗೆ, ಮತ್ತೆ ಉಳಿದ ಎಲ್ಲರಿಗೆ

ಮುಂದಿನ ವಾರ ಅವ್ವನನ್ನು ಕರೆದುಕೊಂಡು ಬೆಂಗಳೂರಿಗೆ ವಾಪಸ್ ಹೊರಟಿದ್ದೇವೆ. ವಂದೇ ಭಾರತ್‌ಗೆ ಟಿಕೆಟ್ ಆಗಿದೆ. ಡಾಕ್ಟರು ಪ್ರಯಾಣ ಮಾಡಬಹುದು ಅಂದಿದ್ದಾರೆ. ಅವ್ವ ಕೋಲು ಹಿಡಿದು ಓಡಾಡುತ್ತಿದ್ದಾಳೆ. ಕೋಲು ಯಾಕೆ ಬೇಕು ಅಂತ ಜಗಳವನ್ನೂ ಆಡುತ್ತಿದ್ದಾಳೆ. ಅಂದರೆ ಹುಷಾರಾಗಿದ್ದಾಳೆ.

ಮೇ ತಿಂಗಳಲ್ಲಿ ಮದುವೆಗೆ ಅಂತ ಧಾರವಾಡಕ್ಕೆ ಬಂದವರು ಚಳಿ ಶುರುವಾಗುವ ತನಕ ಇಲ್ಲೇ ಉಳಿದದ್ದು ಅವ್ವ ಆಸ್ಪತ್ರೆ ಸೇರಿದ್ದಕ್ಕೆ ಅನ್ನೋದು ನಿಮಗೆಲ್ಲ ಗೊತ್ತಿದೆ. ಮತ್ತೆ ಬರೆಯಲ್ಲ. ರಕ್ತ ಕೊಡಲು ಬೈಕ್ ಹತ್ತಿ ಬಂದ ಹುಡುಗರು, ರಜೆಯ ಲೆಕ್ಕ ಕೇಳದ ನಮ್ಮ ಆಫೀಸು, ಅಷ್ಟು ತಿಂಗಳು ಮನೆ ನಡೆಸಿದ ನನ್ನ ಗಂಡ ಮತ್ತು ಮಕ್ಕಳು, ಮಸ್ಕತ್‌ನಿಂದ ದುಡ್ಡು ಕಳಿಸುತ್ತಲೇ ಇದ್ದ ತಮ್ಮ, ವಾರ್ಡಿನ ಸಿಸ್ಟರ್‌ಗಳು, ನಿಮಗೆಲ್ಲ ಒಂದೇ ವಾಕ್ಯದಲ್ಲಿ ಕೈ ಮುಗಿಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕು.

ಆಸ್ಪತ್ರೆ ಹುಬ್ಬಳ್ಳಿಯಲ್ಲಿ, ನಾನು ರೂಮು ಮಾಡಿದ್ದು ಧಾರವಾಡದ ಸಪ್ತಾಪುರದಲ್ಲಿ. ಯಾಕೆ ಅಂತ ತುಂಬಾ ಜನ ಕೇಳಿದರು. 20 ಕಿಲೋಮೀಟರ್ ತಾನೇ, ಚಿಗರಿ ಬಸ್ಸಿದೆ ಅಂತ ಹೇಳುತ್ತಿದ್ದೆ. ಅದು ಬಾಯಿಮಾತು. ಕಷ್ಟ ಬಂದಾಗ ಗೊತ್ತಿರುವ ಊರಲ್ಲಿ ಇರೋಣ ಅನ್ನಿಸಿತ್ತು. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಈಗ ನಮ್ಮವರು ಅಂತ ಇಲ್ಲಿ ಒಂದು ಮನೆಯೂ ಇಲ್ಲ.

ಐಸಿಯುನಲ್ಲಿ ರೋಗಿಯನ್ನು ನೋಡಲು ಬಿಡುತ್ತಿದ್ದದ್ದು ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು. ನಡುವಿನ ಹೊತ್ತನ್ನು ಏನು ಮಾಡೋದು? ಕಾರಿಡಾರಿನಲ್ಲಿ ಕೂತರೆ ತಲೆ ಕೆಡುತ್ತಿತ್ತು. ಸುಮ್ನೆ ಧಾರವಾಡಕ್ಕೆ ಬಂದು ಓಣಿ ಸುತ್ತತೊಡಗಿದೆ. ಅಪ್ಪ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗುಮಾಸ್ತರಾಗಿದ್ದರು. ಕ್ವಾರ್ಟರ್ಸ್ ಸಿಗಲೇ ಇಲ್ಲ. ಒಂದು ಬಾಡಿಗೆ ಮನೆ ಬಿಟ್ಟು ಇನ್ನೊಂದು ಬಾಡಿಗೆ ಮನೆ. ಆ ಮನೆಗಳನ್ನೆಲ್ಲ ಹುಡುಕಿಕೊಂಡು ಹೋದೆ.

ಸಪ್ತಾಪುರದ ಮನೆ ಸ್ಟಡಿ ಹಾಲ್ ಆಗಿದೆ. ಈ ಭಾಗವೆಲ್ಲ ಈಗ ಕೋಚಿಂಗ್ ಸೆಂಟರು, ಪೀಜಿ, ಖಾನಾವಳಿ. ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಕಲಬುರಗಿ, ರಾಯಚೂರು ಕಡೆಯಿಂದಲೂ ಬಂದು ಇರುತ್ತಾರೆ. ಒಳಗೆ ನೋಡಬಹುದಾ ಅಂತ ಕೇಳಿದೆ. "ಚಪ್ಪಲಿ ಬಿಟ್ಟು ಬರ್ರಿ, ಸಪ್ಪಳ ಮಾಡಬ್ಯಾಡ್ರಿ" ಅಂದ ಅಲ್ಲಿದ್ದ ಹುಡುಗ. ನಾವು ಮಲಗುತ್ತಿದ್ದ ಕೋಣೆಯಲ್ಲಿ ಪ್ಲೈವುಡ್ ಅಡ್ಡ ಹಾಕಿ ಸಾಲಾಗಿ ಗೂಡು ಮಾಡಿದ್ದಾರೆ. ಗೋಡೆ ತುಂಬಾ ಸಂವಿಧಾನದ ವಿಧಿಗಳನ್ನು ಬರೆದ ಚೀಟಿಗಳು. ಆ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ನಮ್ಮ ಕಾಲದಲ್ಲಿ ಬೆಳಗಾಗುತ್ತಲೇ ಅಪ್ಪ ಧಾರವಾಡ ಆಕಾಶವಾಣಿ ಹಚ್ಚುತ್ತಿದ್ದರು. ವಾರ್ತೆ ಮುಗಿಯುವುದರೊಳಗೆ ಎಲ್ಲರ ಸ್ನಾನ ಆಗಬೇಕು.

ಕೆಲಗೇರಿ ರಸ್ತೆಯ ಮನೆ ಇಲ್ಲವೇ ಇಲ್ಲ. ಅಪಾರ್ಟ್‌ಮೆಂಟ್ ಎದ್ದಿದೆ. ವಾಚ್‌ಮನ್ ಗೇಟು ದಾಟಲು ಬಿಡಲಿಲ್ಲ. ಬರುವಾಗ ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ಮುಂದೆ ಸ್ವಲ್ಪ ನಿಂತೆ. ಅದನ್ನು ಜೋಪಾನ ಮಾಡಿ ಇಟ್ಟಿದ್ದಾರೆ. ಗುಮಾಸ್ತರ ಬಾಡಿಗೆ ಮನೆಗಳನ್ನು ಯಾರು ಇಡುತ್ತಾರೆ, ಅಲ್ವಾ?

ಮಾಳಮಡ್ಡಿಯ ಮನೆ ಮಾತ್ರ ನಿಂತಿತ್ತು. ರೈಲ್ವೆ ಸ್ಟೇಷನ್ನಿಗೆ ಹತ್ತಿರ. ಅದೇ ಮಂಗಳೂರು ಹಂಚು, ಮುಂದೆ ಅದೇ ಕಟ್ಟೆ. ಮಾಲೀಕರ ಕಡೆಯವರು ಪುಣೆ ಸೇರಿ ಎಷ್ಟೋ ವರ್ಷವಾಯಿತಂತೆ. ಅಕ್ಕಪಕ್ಕ ನಮಗೆ ಗೊತ್ತಿದ್ದವರು ಒಬ್ಬರೂ ಇಲ್ಲ. ಗೇಟಿನ ಹತ್ತಿರ ನಿಂತಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅದು ನಿಂತಿತು. ಕೈಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಹೆಂಗಸೊಬ್ಬರು ಹೊರಗೆ ಬಂದರು.

"ಯಾರು ಬೇಕಾಗಿತ್ರೀ?"

"ಯಾರೂ ಇಲ್ರೀ. ನಾವು ಹಿಂದ ಈ ಮನ್ಯಾಗ ಇದ್ವಿ."

"ಹಂಗಾರ ಹೊರಗ ಯಾಕ ನಿಂತೀರಿ?"

ತಮ್ಮ ಹೆಸರು ಇಲ್ಲಿ ಹಾಕಬಾರದು ಅಂತ ಅವರು ಹೇಳಿದ್ದಾರೆ. ನಾನು ಕರೆಯುವ ಹಾಗೆ ವೈನಿ, ಅಂದರೆ ಅತ್ತಿಗೆ, ಅಂತಲೇ ಬರೆಯುತ್ತೇನೆ. ಗದಗ ಕಡೆಯವರು. ಖಾನಾವಳಿಗಳಿಗೆ, ಪೀಜಿಗಳಿಗೆ ಖಡಕ್ ರೊಟ್ಟಿ ಮಾಡಿ ಕೊಡುತ್ತಾರೆ. ಎಸರು ಕುದಿಸಿ ಜೋಳದ ಹಿಟ್ಟು ಕಲಸುತ್ತಾರೆ. ಬಡಿಯುತ್ತಾ ಹೋದ ಹಾಗೆ ರೊಟ್ಟಿ ಕೈಕೆಳಗೆ ತಾನೇ ತಿರುಗಿ ಅಗಲವಾಗುತ್ತದೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ಒಂದು ಸಲ ಸವರುತ್ತಾರೆ. ಬೆಂದದ್ದನ್ನು ಒಲೆಯ ಬದಿಗೆ ಆನಿಸಿ ನಿಲ್ಲಿಸುತ್ತಾರೆ. ಇಷ್ಟೂ ಹೊತ್ತು ಅವರ ಮಾತು ನಿಲ್ಲುವುದಿಲ್ಲ. ತಮ್ಮನ ತೊಟ್ಟಿಲು ಕಟ್ಟಿದ್ದ ಕೊಂಡಿ ಇನ್ನೂ ಜಂತೆಯಲ್ಲೇ ಇದೆ. ಅದಕ್ಕೆ ರೊಟ್ಟಿ ಬುಟ್ಟಿ ತೂಗುಹಾಕಿದ್ದಾರೆ, ಇರುವೆ ಹತ್ತಬಾರದು ಅಂತ. ಹಿತ್ತಲಲ್ಲಿ ನಾವು ನೀರು ತುಂಬುತ್ತಿದ್ದ ಸಿಮೆಂಟ್ ಟಾಕಿಯೊಳಗೆ ಈಗ ಕಟ್ಟಿಗೆ ಇದೆ.

ಆಮೇಲೆ ಅವರ ಮನೆಯಿಂದಲೇ ರೊಟ್ಟಿ ಪಲ್ಯ ತರುವುದು ರೂಢಿಯಾಯಿತು.

ಈಗ ಆ ರಾತ್ರಿ. ಬೆಳಗಿನ ತನಕ ಏನೂ ಹೇಳೋಕಾಗಲ್ಲ ಅಂತ ಡಾಕ್ಟರು ಹೇಳಿ ಹೋದರು. ಗಂಡ ಬೆಂಗಳೂರಿನಿಂದ ಹೊರಟಿದ್ದರು, ತಲುಪಲು ಬೆಳಗಾಗುತ್ತಿತ್ತು. ತಮ್ಮನಿಗೆ ವಿಮಾನ ಸಿಕ್ಕಿದ್ದು ಮಾರನೇ ದಿನಕ್ಕೆ. ನೆಂಟರಿಗೆಲ್ಲ ಫೋನ್ ಮಾಡಿದೆ. ಧೈರ್ಯವಾಗಿರು ಅಂದರು, ಬೆಳಗ್ಗೆ ಬರ್ತೀವಿ ಅಂದರು. ತಪ್ಪು ಅಂತ ಹೇಳುತ್ತಿಲ್ಲ. ಮಳೆ, ರಾತ್ರಿ, ವಯಸ್ಸಾದವರು. ವೈನಿಗೆ ನಾನು ಫೋನ್ ಮಾಡಿರಲಿಲ್ಲ. ರೊಟ್ಟಿ ಒಯ್ಯಲು ಬರಲಿಲ್ಲ ಅಂತ ಅವರೇ ಮಾಡಿದರು. "ಊಟ ಮಾಡೀರೇನು?" ಅಂತ ಕೇಳಿದರು. ಇಲ್ಲ ಅಂದೆ. ಅಷ್ಟೇ ಮಾತಾಡಿದ್ದು. ದನಿಯಲ್ಲೇ ಗೊತ್ತಾಯಿತೋ ಏನೋ, ಚಿಗರಿ ಹತ್ತಿ ಬಂದುಬಿಟ್ಟರು. ಚಾದರದಲ್ಲಿ ಸುತ್ತಿದ ಸ್ಟೀಲ್ ಡಬ್ಬಿ, ಒಂದು ಬಾಟಲಿ ನೀರು. ಬಂದವರೇ ಐಸಿಯು ಮುಂದಿನ ಕುರ್ಚಿಯಲ್ಲಿ ಕೂತು ಸೀರೆಯ ಸೆರಗು ಹಿಂಡಿದರು.

ಏನೂ ಆಗಲ್ಲ, ದೇವರಿದ್ದಾನೆ ಅಂತ ಒಂದು ಸಲವೂ ಹೇಳಲಿಲ್ಲ. ಅದಕ್ಕೇ ನಾನು ಅವರಿಗೆ ಜಾಸ್ತಿ ಋಣಿ. ತಿನ್ನಿಸಿದರು. ಆಮೇಲೆ ಕೇಳಿದರು, "ನಿಮ್ಮ ಕಾಲಕ್ಕ ನಳಾ ಎಲ್ಲಿತ್ತು?"

ನಾನು ಹೇಳತೊಡಗಿದೆ. ನಳಾ ಹಿತ್ತಲ ಬಾಗಿಲ ಹತ್ತಿರ ಇತ್ತು. ಮಲಪ್ರಭೆಯ ನೀರು, ವಾರಕ್ಕೊಮ್ಮೆ ಬಂದರೆ ಪುಣ್ಯ, ಬೇಸಿಗೆಯಲ್ಲಿ ಅದೂ ಇಲ್ಲ. ರಾತ್ರಿ ಎಷ್ಟು ಹೊತ್ತಿಗೆ ಬಂದರೂ "ನಳಾ ಬಂತು" ಅಂತ ಓಣಿಯಲ್ಲಿ ಯಾರಾದರೂ ಕೂಗುತ್ತಿದ್ದರು. ಅವ್ವ ನಿದ್ದೆಯಲ್ಲೇ ಎದ್ದು ಕೊಡ ಹಿಡಿಯುತ್ತಿದ್ದಳು. ಹಂಡೆ, ಕೊಡ, ಬಕೆಟ್ಟು, ಕೊನೆಗೆ ಟಾಕಿ. ಟಾಕಿ ತುಂಬಿದ ದಿನ ನಮಗೆಲ್ಲ ತಲೆ ಮೇಲೆ ಸ್ನಾನ. ಅಟ್ಟದ ಏಣಿ ಎಲ್ಲಿತ್ತು, ತುಳಸಿ ಕಟ್ಟೆ ಎಲ್ಲಿತ್ತು, ರೈಲು ಹೋದರೆ ಯಾವ ಕಿಟಕಿ ಅದುರುತ್ತಿತ್ತು, ಎಲ್ಲ ಹೇಳಿದೆ. ವೈನಿ ನಡುನಡುವೆ ತಿದ್ದುತ್ತಿದ್ದರು. ಏಣಿ ಈಗಿಲ್ಲ. ಕಿಟಕಿ ಇನ್ನೂ ಅದುರುತ್ತದೆ. ಒಂದೇ ಮನೆಯಲ್ಲಿ ಇಬ್ಬರೂ ಓಡಾಡಿದೆವು.

ನಡುರಾತ್ರಿ ದಾಟಿದ ಮೇಲೆ ಮಾತು ನಿಂತಿತು. ಒಳಗೆ ಮಷೀನಿನ ಸದ್ದು ಬದಲಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಇದನ್ನು ಬರೆಯಬೇಕೋ ಬೇಡವೋ ಗೊತ್ತಿಲ್ಲ. ಒಂದು ಹೊತ್ತಿನಲ್ಲಿ, ಸಾಕಪ್ಪಾ, ಏನಾಗಬೇಕೋ ಅದು ಈಗಲೇ ಆಗಿಹೋಗಲಿ ಅನ್ನಿಸಿತು. ಹೆತ್ತ ತಾಯಿ ಒಳಗಿದ್ದಾಳೆ, ನನಗೆ ಹೀಗನ್ನಿಸುತ್ತಿದೆ. ಅದನ್ನು ಬಾಯಿಬಿಟ್ಟು ಹೇಳಿಬಿಟ್ಟೆ. ಇನ್ನೊಬ್ಬರಾಗಿದ್ದರೆ ಹಾಗೆಲ್ಲ ಅನ್ನಬಾರದು ಅಂತಿದ್ದರು. ವೈನಿ ನನ್ನ ಕೈ ಹಿಡಿದುಕೊಂಡರು. "ಅನಸ್ತದ್ರೀ. ನಮ್ಮತ್ತಿ ಮಲಗಿದ್ದಾಗ ನನಗೂ ಅನ್ನಿಸಿತ್ತು. ನಾ ಯಾರ ಮುಂದೂ ಹೇಳಿಲ್ಲ." ಆವಾಗ ಅಳು ಬಂತು. ಅಷ್ಟು ದಿನ ಬಂದಿರಲಿಲ್ಲ.

ಬೆಳಗ್ಗೆ ಡಾಕ್ಟರು ಹೊರಗೆ ಬಂದು ಹೇಳಿದ ಮೇಲೇ ಅವರು ಎದ್ದದ್ದು. ಅಂದಿನ ರೊಟ್ಟಿ ಆರ್ಡರು ಪೂರ್ತಿ ಹೋಗಿತ್ತು. ಅದು ನನಗೆ ತಿಳಿದದ್ದು ಎಷ್ಟೋ ದಿನ ಆದಮೇಲೆ, ಅದೂ ಅವರ ಮಗಳಿಂದ. ವೈನಿ ಲೆಕ್ಕದಲ್ಲಿ ಬಲು ಖಡಕ್. ತಿಂಗಳ ರೊಟ್ಟಿಯ ದುಡ್ಡು ಒಂದು ರೂಪಾಯಿ ಬಿಡದೆ ಎಣಿಸಿ ತಗೊಂಡರು. ಆ ರಾತ್ರಿಯ ಮಾತು ಎತ್ತಿದರೆ ಮಾತ್ರ "ಅದಕ್ಕೇನು ಲೆಕ್ಕ ಹಚ್ತೀರಿ" ಅಂತ ಹಂಚಿನ ಕಡೆ ತಿರುಗಿಬಿಡುತ್ತಾರೆ. ಅದಕ್ಕೇ ಇಲ್ಲಿ, ಎಲ್ಲರೆದುರು ಹೇಳುತ್ತಿದ್ದೇನೆ. ಮಗಳು ಓದಿ ಹೇಳಲಿ, ಕೇಳಿಸಿಕೊಳ್ಳದೆ ಎಲ್ಲಿಗೆ ಹೋಗುತ್ತಾರೆ ನೋಡೋಣ. ವೈನಿ, ನಿಮ್ಮಿಂದ ಆ ರಾತ್ರಿ ಕಳೆಯಿತು. ನಾನು ಮರೆಯೋದಿಲ್ಲ.

ಹೋದ ವಾರ ಅವ್ವನನ್ನು ಆಟೋದಲ್ಲಿ ಮಾಳಮಡ್ಡಿಗೆ ಕರೆದುಕೊಂಡು ಹೋದೆ. ಹಳೇ ಮನೆ ನೋಡಿ ಕಣ್ಣೀರು ಹಾಕುತ್ತಾಳೆ ಅಂತ ನಾನು ಕರ್ಚೀಫು ಹಿಡಿದು ತಯಾರಾಗಿದ್ದೆ. ಅವಳು ಕಟ್ಟೆ ಮೇಲೆ ಕೂತು, ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಒಂದ ರೊಟ್ಟಿ ಎಷ್ಟಕ್ಕ ಕೊಡ್ತಿಯವ್ವಾ?" ಅಂತ ಕೇಳಿದಳು. ವೈನಿ ಹೇಳಿದರು. "ಕಮ್ಮಿ ಆತು. ಇಷ್ಟು ತೆಳ್ಳಗ ಬಡದು ಇಷ್ಟಕ್ಕ ಕೊಡಬಾರದು" ಅಂದಳು. ಆಮೇಲೆ ಇಬ್ಬರೂ ಜೋಳದ ದರದ ಮಾತಿಗೆ ಬಿದ್ದರು. ನಾನು ಅಲ್ಲಿ ಇದ್ದೇನೆ ಅನ್ನೋದೇ ಇಬ್ಬರಿಗೂ ಮರೆತುಹೋಯಿತು.

ಇನ್ನೊಂದು ಮಾತು. ಸಪ್ತಾಪುರದ ರೂಮಿಗೆ ಈ ತಿಂಗಳ ಕೊನೆಯವರೆಗೆ ಬಾಡಿಗೆ ಕಟ್ಟಿದೆ. ಮಾಲೀಕರ ಒಪ್ಪಿಗೆಯೂ ಇದೆ. ಗ್ಯಾಸ್ ಒಲೆ, ಕುಕ್ಕರು, ಎರಡು ಹಾಸಿಗೆ, ಬಕೆಟ್ಟು ಎಲ್ಲ ಅಲ್ಲೇ ಬಿಟ್ಟು ಹೋಗುತ್ತಿದ್ದೇನೆ. ಹುಬ್ಬಳ್ಳಿ ಧಾರವಾಡದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಇರಲು ಪರಊರಿಂದ ಬಂದವರು ಯಾರಾದರೂ ನಿಮಗೆ ಗೊತ್ತಿದ್ದರೆ ನನಗೆ ಮೆಸೇಜ್ ಮಾಡಿ. ಬೀಗದ ಕೈ ವೈನಿ ಹತ್ತಿರ ಇರುತ್ತದೆ. ಊಟಕ್ಕೂ ಅವರನ್ನೇ ಕೇಳಬಹುದು, ರೊಟ್ಟಿಯ ದುಡ್ಡು ಮಾತ್ರ ಚಿಲ್ಲರೆ ಸಮೇತ ಕೊಡಬೇಕು.