ಹಿಂದಿನ ಶಾಕಪ್ ಬುಷ್ ಪದೇ ಪದೇ ಹೋಗ್ತಿದ್ರೆ ಹಳೇ ರಬ್ಬರ್ ಎಸೀಬೇಡಿ

ಮಾನ್ಯ ಸಂಪಾದಕರೇ,

ನನ್ನ ಹತ್ರ 2005ರ ಮಾಡೆಲ್ ಪೆಟ್ರೋಲ್ ಕಾರಿದೆ. 15 ವರ್ಷ ತುಂಬಿದಾಗ ಎಫ್‌ಸಿ ಮಾಡ್ಸಿ ಆರ್‌ಸಿ ರಿನ್ಯೂ ಮಾಡ್ಸಿದೀನಿ, ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ. ಆದ್ರೆ ಒಂದೂವರೆ ವರ್ಷದಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್‌ನ (ಶಾಕಪ್) ಮೇಲಿನ ಮೌಂಟಿಂಗ್ ಬುಷ್, ಅಂದ್ರೆ ಶಾಕಪ್ ತುದಿನ ಬಾಡಿಗೆ ಹಿಡಿಯೋ ರಬ್ಬರ್ ಜೋಡಿ, ಮೂರು ಸಲ ಹೋಯ್ತು. ಪ್ರತಿ ಸಲ ಗ್ಯಾರೇಜಲ್ಲಿ ಒಂದೇ ಮಾತು, "ಗಾಡಿ ಹಳೇದಾಯ್ತಲ್ಲ ಸಾರ್, ನಮ್ ರೋಡೂ ಹಂಗೇ ಇದೆ, ಹೋಗ್ತಾ ಇರುತ್ತೆ". ಇದೇ ಮಾತು ಕೇಳಿ ಕೇಳಿ ಎಷ್ಟೋ ಜನ ಚೆನ್ನಾಗಿರೋ ಗಾಡಿನ ಗುಜರಿಗೆ ಕೊಟ್ಬಿಡ್ತಾರೆ, ಅದು ನೋಡಿ ಹೊಟ್ಟೆ ಉರಿಯುತ್ತೆ, ಅದಕ್ಕೇ ಈ ಪತ್ರ.

ಮೂರನೇ ಸಲ ಬದಲಾಯಿಸಿ ಮನೆಗೆ ಬಂದಾಗ ನಮ್ಮ ಬೀದಿಲಿ ಇರೋ ಹಿರಿಯರೊಬ್ರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದೋರು, ಬಿಲ್ ಕೂಡ ನೋಡ್ಲಿಲ್ಲ, "ಹಳೇ ಬುಷ್ ಎಲ್ಲಪ್ಪ? ಅದನ್ನ ಇಸ್ಕೊಂಬಾ ಮೊದ್ಲು" ಅಂದ್ರು. ವಾಪಸ್ ಹೋಗಿ ಗ್ಯಾರೇಜಿನ ಡಬ್ಬದಿಂದ ಹುಡುಕಿ ತಂದೆ. ಅವ್ರು ಅಂಗಳದ ಕಟ್ಟೆ ಮೇಲೆ ಎರಡು ರಬ್ಬರ್ ಪಕ್ಕಪಕ್ಕ ಇಟ್ರು. ಒಂದು ಹೊಸದರ ಥರ ಗುಂಡಗಿತ್ತು, ಇನ್ನೊಂದು ಚಪ್ಪಟೆಯಾಗಿ ಅಂಚಲ್ಲಿ ಹರಿದಿತ್ತು, ವಾಷರ್ ಕೂತಿದ್ದ ಗುರುತು ಉಂಗುರದ ಹಾಗೆ ಒಳಕ್ಕೆ ಇಳಿದಿತ್ತು.

ಅವ್ರು ಹೇಳಿದ್ದು ಹೀಗೆ. ನನ್ನ ಕಾರಿನಂಥವುಗಳಲ್ಲಿ ಶಾಕಪ್ ರಾಡಿನ ತುದಿ ಡಿಕ್ಕಿ ಹತ್ರ ಬಾಡಿ ತಗಡನ್ನ ತೂರಿ ಮೇಲೆ ಬಂದಿರುತ್ತೆ, ತಗಡಿನ ಕೆಳಗೊಂದು ರಬ್ಬರ್, ಮೇಲೊಂದು ರಬ್ಬರ್, ಅದ್ರ ಮೇಲೆ ವಾಷರ್, ನಟ್. ಶಾಕಪ್ ಪೂರ್ತಿ ಒಳಗೆ ಹೋಗಿ ಗುದ್ದಿದ್ರೆ ಕೆಳಗಿನ ರಬ್ಬರ್ ಜಜ್ಜಿ ಹೋಗುತ್ತೆ, ಅಂದ್ರೆ ಬಂಪ್ ಸ್ಟಾಪರ್ (ಶಾಕಪ್ ಪೂರ್ತಿ ಒಳಗೆ ಹೋಗಿ ಗುದ್ದದ ಹಾಗೆ ತಡೆಯೋ ತುಂಡು) ಪುಡಿಯಾಗಿದೆ ಅಥ್ವಾ ಲೋಡ್ ಜಾಸ್ತಿ ಹಾಕ್ತಿದೀರಿ. ಶಾಕಪ್ ಪೂರ್ತಿ ಹೊರಗೆ ಎಳೆದು ಜಗ್ಗಿದ್ರೆ ನಟ್ ಕೆಳಗಿರೋ ಮೇಲಿನ ರಬ್ಬರ್ ಹೋಗುತ್ತೆ. ಎರಡೂ ಒಂದೇ ಸಮ ಉಬ್ಬಿ ಹಿಂಡಿದ ಹಾಗಿದ್ರೆ ಏರ್ ಗನ್ನಲ್ಲಿ ನಟ್ ಓವರ್ ಟೈಟ್ ಮಾಡಿದಾರೆ ಅಂತ ಅನುಮಾನ ಪಡಬೇಕು.

ನಂದು ಮೇಲಿನದು ಹೋಗಿತ್ತು.

ಆಗ ನಂಗೆ ಇನ್ನೊಂದು ನೆನಪಾಯ್ತು, ಒಬ್ನೇ ಓಡಿಸುವಾಗ ಸಣ್ಣ ಗುಂಡಿಗೂ ಹಿಂದೆ ಕಟ್ ಕಟ್ ಅಂತಿತ್ತು, ಮನೆಯವ್ರೆಲ್ಲ ಕೂತು ಲಗೇಜ್ ತುಂಬಿದ್ರೆ ಸದ್ದೇ ಇಲ್ಲ. ಬುಷ್ ಸುಮ್ನೆ ವಯಸ್ಸಾಗಿ ಹೋಗಿದ್ರೆ ಲೋಡ್ ಇದ್ರೂ ಇಲ್ದಿದ್ರೂ ಸದ್ದು ಬರಬೇಕಿತ್ತಲ್ವಾ. ಖಾಲಿ ಇದ್ದಾಗ ಗಾಡಿ ಹಿಂದೆ ಎತ್ತರಕ್ಕೆ ನಿಂತು ಶಾಕಪ್ ಆಗ್ಲೇ ಮುಕ್ಕಾಲು ಭಾಗ ಎಳೆದುಕೊಂಡಿದೆ, ಹಂಪ್ ಇಳಿದ ತಕ್ಷಣ ಚಕ್ರ ಕೆಳಗೆ ಜೋತುಬಿದ್ರೆ ಇನ್ನು ಎಳೆಯೋಕೆ ಜಾಗ ಇಲ್ದೆ ಆ ಜಗ್ಗಾಟ ಎಲ್ಲಾ ರಬ್ಬರ್ ಮೇಲೆ. ಜಾಕ್ ಹಾಕಿ ಚಕ್ರ ನೆಲ ಬಿಡೋವರೆಗೂ ಎತ್ತಿ ಅಳೆದ್ವಿ, ಚಕ್ರ ಎರಡು ಬೆರಳಷ್ಟು ಇಳಿಯೋ ಹೊತ್ತಿಗೇ ಶಾಕಪ್ ಎಳೆಯೋದು ಮುಗಿದಿತ್ತು.

ಕಾರಣ ಸ್ಪ್ರಿಂಗಲ್ಲಿ ಸಿಕ್ತು. ಎರಡು ವರ್ಷದ ಹಿಂದೆ ಗಾಡಿ ಅಡಿಭಾಗ ಹಂಪ್‌ಗೆ ತಾಗುತ್ತೆ ಅಂತ ಆಕ್ಸೆಸರಿ ಅಂಗಡಿಲಿ ಹಿಂದಿನ ಸ್ಪ್ರಿಂಗ್ ಸುರುಳಿ ಮಧ್ಯೆ ರಬ್ಬರ್ ಬಫರ್ ಹಾಕ್ಸಿದ್ದೆ. ಗಾಡಿ ಎತ್ತರ ಆಯ್ತು, ಶಾಕಪ್ ಉದ್ದ ಮಾತ್ರ ಅಷ್ಟೇ ಇತ್ತು. ಮೂರು ಸಲ ಬುಷ್ ಹಾಕಿದೋರು ಆ ಬಫರ್ ಕಣ್ಣೆದುರೇ ಇದ್ರೂ ಒಂದು ಮಾತು ಕೇಳ್ಲಿಲ್ಲ. ಜೊತೆಗೆ ಶಾಕಪ್ ಕೆಳಗಿನ ಬೋಲ್ಟನ್ನ ಗಾಡಿ ಲಿಫ್ಟ್ ಮೇಲೆ ಚಕ್ರ ಜೋತಾಡ್ತಿರುವಾಗ್ಲೇ ಟೈಟ್ ಮಾಡಿದ್ರು. ಇಳಿಸಿದಾಗ ಆ ಬೋಲ್ಟ್ ಸುತ್ತ ಇರೋ ಕೆಳಗಿನ ಬುಷ್ ಸದಾ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ, ಆ ಬೋಲ್ಟ್‌ನ ಕೊನೇ ಟೈಟ್ ಗಾಡಿ ಭಾರ ಚಕ್ರದ ಮೇಲೆ ಕೂತ ಮೇಲೇ ಆಗ್ಬೇಕು. ಹಾಗೇ ರಾಡ್ ಬರೋ ತೂತಿನ ಸುತ್ತ ತಗಡು ತುಕ್ಕು ಹಿಡಿದು ಸೀಳಿದ್ಯಾ ಅಂತಾನೂ ನೋಡಿ, ಕರಾವಳಿ ಕಡೆ ಗಾಡಿಗಳಲ್ಲಂತೂ ನೋಡ್ಲೇಬೇಕು. ತಗಡು ಹೋಗಿದ್ರೆ ವೆಲ್ಡಿಂಗ್ ಮಾಡ್ಸದೆ ಎಷ್ಟು ಬುಷ್ ಹಾಕಿದ್ರೂ ದುಡ್ಡು ದಂಡ.

ನಾನು ಬಫರ್ ಹಾಕ್ಸಿದ್ದಾದ್ರೂ ಯಾಕೆ? ನಮ್ಮೂರ ಹಂಪ್‌ಗಳಿಂದ. ರಸ್ತೆಗಳ ಮಾನದಂಡ ರೂಪಿಸೋ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಮಾರ್ಗಸೂಚಿಲೇ, ಗಂಟೆಗೆ 25 ಕಿ.ಮೀ. ವೇಗಕ್ಕೆ ಮಾಡೋ ಹಂಪ್ 3.7 ಮೀಟರ್ ಅಗಲ ಇದ್ದು ಮಧ್ಯದಲ್ಲಿ 10 ಸೆಂ.ಮೀ. ಎತ್ತರ ಇರಬೇಕು ಅಂತಿತ್ತು. ನಮ್ಮ ರಸ್ತೇಲಿರೋದು ಒಂದು ಹೆಜ್ಜೆ ಅಗಲದ ಗೋಡೆಗಳು, ಬಿಳಿ ಪಟ್ಟಿಯೂ ಇಲ್ಲ, ರಾತ್ರಿ ಬೈಕಲ್ಲಿ ಬರೋರ ಗತಿ ಏನು? ಸಂಬಂಧಪಟ್ಟೋರು ದಯವಿಟ್ಟು ಅಳತೆ ಟೇಪ್ ಹಿಡಿದು ಒಂದ್ಸಲ ಬಂದು ನೋಡ್ಬೇಕು. ಗ್ಯಾರೇಜಿನೋರಲ್ಲೂ ಒಂದು ವಿನಂತಿ, ಬಿಚ್ಚಿದ ಪಾರ್ಟ್ ಗಿರಾಕಿ ಕೈಗೆ ಕೊಡಿ.

ಬಫರ್ ತೆಗೆಸಿ ಏಳು ತಿಂಗಳಾಯ್ತು. ಅಷ್ಟರಲ್ಲಿ ಮಂಗಳೂರಿಗೆ ಅಂತ ಶಿರಾಡಿ ಘಾಟಿ ಎರಡು ಸಲ ಇಳಿದು ಹತ್ತಿದೀನಿ, ಎರಡು ಸಲಾನೂ ಒಬ್ನೇ, ಗಾಡಿ ಖಾಲಿ. ಮೊನ್ನೆ ಡಿಕ್ಕಿ ಮ್ಯಾಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆ, ಮೇಲಿನ ರಬ್ಬರ್ ಇನ್ನೂ ಗುಂಡಗಿದೆ.

ಇಂತಿ,
ನಿಮ್ಮ ಓದುಗ, ಸಕಲೇಶಪುರ